ಮುಖಲೇಪವೂ ಬೆಳಕಿನ ವಿಜ್ಞಾನವೂ

ನಮ್ಮ ಕಡೆ ಮದುವೆಗಳು ಹೆಚ್ಚಾಗಿ ನಡೆಯುವುದು ವೈಶಾಖ ಮಾಸದಲ್ಲಿ. ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ತಿರ್ಲಾಪುರದಂತಹ ಊರುಗಳಲ್ಲಿ ಹಿಂಗಾರಿ ಸುಗ್ಗಿ ಮುಗಿದು, ಹೊಲಗಳು ಬರಿದಾಗಿ, ಎರೆಯ ನೆಲವು ಬಿರುಕು ಬಿಟ್ಟು ಮಳೆಯ ಹಾದಿ ಕಾಯುತ್ತಿರುವಾಗ ಓಣಿ ಓಣಿಗಳಲ್ಲಿ ಹಂದರಗಳೇಳುವುವು. ಲಗ್ನಪತ್ರಿಕೆಗಳಲ್ಲಿ ಬಹುಮಟ್ಟಿಗೆ ಹನ್ನೆರಡೂವರೆಯ ಸುಮಾರಿನ ಅಭಿಜಿನ್ ಮುಹೂರ್ತವೇ ಅಚ್ಚಾಗಿರುವುದು. ಈ ಮುಹೂರ್ತಕ್ಕೂ ಆಕಾಶಕ್ಕೂ ಇರುವ ಸಂಬಂಧವನ್ನು ಓದುಗರು ಸ್ವಲ್ಪ ಗಮನಿಸಬೇಕು. ತಿರ್ಲಾಪುರವಿರುವುದು ಸುಮಾರು 15½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಂತಹ ಸ್ಥಳಗಳಲ್ಲಿ ಸೂರ್ಯನು ವರ್ಷಕ್ಕೆ ಎರಡು ಸಲ, ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ತಿಂಗಳ ಎರಡನೆಯ ವಾರದಲ್ಲೊಮ್ಮೆ, ನಡುಹಗಲಿನಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುವನು. ಆಗ ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನೆರಳೇ ಇರದು. ಭಾರತದ ಗಡಿಯಾರದ ಪ್ರಕಾರ ನಮ್ಮ ರೇಖಾಂಶದಲ್ಲಿ ಈ ನಡುಹಗಲು ಬರುವುದು ಹನ್ನೆರಡಕ್ಕಲ್ಲ. ಹನ್ನೆರಡೂವರೆಯ ಸುಮಾರಿಗೆ. ಆಗಸ್ಟಿನಲ್ಲಿ ಮೋಡದ ಮರೆಯಾದರೂ ಇರುವುದು. ಮೇ ತಿಂಗಳಲ್ಲಿ ಅದೂ ಇರದು. ಎಂದರೆ, ವೈಶಾಖದ ಅಕ್ಷತೆ ಬೀಳುವ ಗಳಿಗೆಯು ವರ್ಷದಲ್ಲಿಯೇ ಬಿಸಿಲು ಅತ್ಯಂತ ನೇರವಾಗಿ, ಅತ್ಯಂತ ಪ್ರಖರವಾಗಿ ಬೀಳುವ ಗಳಿಗೆಯೂ ಆಗಿದೆ.

ಇಂತಹ ಗಳಿಗೆಯಲ್ಲಿ ಮದುಮಗಳ ಮುಖದ ಮೇಲೆ ಏನಿರುತ್ತದೆ? ಇಂಗ್ಲಿಷಿನಲ್ಲಿ ಫೌಂಡೇಶನ್, ಅಂದರೆ ಅಸ್ತಿವಾರ, ಎಂದು ಕರೆಯುವ ದಪ್ಪನೆಯ ಲೇಪವಿರುತ್ತದೆ. ಒಂದು ಕಾಲಕ್ಕೆ ನಾಟಕ ಸಿನಿಮಾಗಳಿಗೆ ಮೀಸಲಾಗಿದ್ದ ಈ ಲೇಪವು ನಗರದ ಮದುವೆಗಳನ್ನು ದಾಟಿ ಹಳ್ಳಿಯ ಹಂದರಕ್ಕೂ ಬಂದಿದೆ. ಮದುಮಗಳಿಂದ ಗೆಳತಿಯರಿಗೆ, ಗೆಳತಿಯರಿಂದ ಕಾಲೇಜಿಗೆ ಹೊರಟ ಹುಡುಗಿಯರಿಗೆ, ಹಬ್ಬದ ದಿನದಿಂದ ನಿತ್ಯದ ದಿನಕ್ಕೆ ಹರಡುತ್ತಲಿದೆ. ಎರೆ ಭೂಮಿಯಲ್ಲಿ ಮನೆ ಕಟ್ಟಿದವರಿಗೆ ಅಸ್ತಿವಾರದ ಕಷ್ಟ ಗೊತ್ತು. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ನೆಲದ ಮೇಲೆ ಗಟ್ಟಿಯಾದುದನ್ನು ಕೂಡಿಸಿದರೆ ಗೋಡೆ ಬಿರಿಯುವುದು. ಮುಖವೂ ಅಂತಹುದೇ ನೆಲ. ಅದು ಬೆವರುವುದು, ನಗುವುದು, ಅಳುವುದು. ಮದುವೆಯ ದಿನವಂತೂ ಈ ಮೂರನ್ನೂ ಮಾಡುವುದು.

ಈ ದಪ್ಪ ಲೇಪವು ಬಹುಮಂದಿಗೆ ಅನಾವಶ್ಯಕವಾದುದು, ಅದರ ಬದಲಿಗೆ ಹಗುರವಾದ ಲೇಪಗಳು ಸಾಕು, ಮತ್ತು ಅವೇ ಲೇಸು ಎಂಬುದು ನಮ್ಮ ಅಭಿಪ್ರಾಯ. ನಾವು ಪ್ರಸಾಧನಕಲೆಯನ್ನು ಬಲ್ಲವರಲ್ಲ, ವೈದ್ಯರೂ ಅಲ್ಲ. ಆದರೆ ಮುಖದ ಚೆಲುವೆಂಬುದು ಕಡೆಗೆ ಬೆಳಕಿನ ವ್ಯವಹಾರ; ಬೆಳಕು ಭೌತಶಾಸ್ತ್ರವನ್ನು ಕಲಿಸುವವರ ನಿತ್ಯದ ವಿಷಯ. ಆ ಕಡೆಯಿಂದ ಈ ಪ್ರಶ್ನೆಯನ್ನು ನೋಡುವುದು ಅನುಚಿತವಾಗದೆಂದು ನಂಬಿದ್ದೇವೆ.

ಬಣ್ಣ ಹಚ್ಚುವುದೆಂದರೆ

ಕನ್ನಡದಲ್ಲಿ ‘ಬಣ್ಣ ಹಚ್ಚುವುದು’ ಎಂದರೆ ವೇಷ ಕಟ್ಟುವುದು ಎಂದೇ ಅರ್ಥ. ಈ ನುಡಿಗಟ್ಟಿನಲ್ಲಿ ಮುಖಲೇಪದ ಚರಿತ್ರೆಯೇ ಅಡಗಿದೆ. ಕರಾವಳಿಯ ಯಕ್ಷಗಾನದಲ್ಲಿ ರಾಕ್ಷಸ ಪಾತ್ರಗಳಿಗೆ ‘ಬಣ್ಣದ ವೇಷ’ವೆಂದೇ ಹೆಸರು, ಅಕ್ಕಿಹಿಟ್ಟು ಸುಣ್ಣಗಳನ್ನು ಕಲಸಿದ ಚಿಟ್ಟಿಯನ್ನು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವರು. ನಮ್ಮ ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲಿ ಗಂಡಸರು ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದ ಕಾಲವಿತ್ತು. 2017ರಲ್ಲಿ ತೀರಿಕೊಂಡ ಶತಾಯುಷಿ ಏಣಗಿ ಬಾಳಪ್ಪನವರು ಆ ಪರಂಪರೆಯಲ್ಲಿ ಬೆಳೆದವರು. ಗ್ಯಾಸ್ ದೀಪದ ಬೆಳಕಿನಲ್ಲಿ, ನೂರಾರು ಮಾರು ಹಿಂದೆ ಕುಳಿತ ಪ್ರೇಕ್ಷಕನಿಗೆ ಕಣ್ಣು ಮೂಗು ಕಾಣಬೇಕಾದರೆ ದಪ್ಪನೆಯ ಬಣ್ಣ ಬೇಕೇ ಬೇಕು. ಅಲ್ಲಿ ಅದು ಕಲೆಯ ಅಗತ್ಯ.

ಇಂದಿನ ಫೌಂಡೇಶನ್ ಸಹ ಹುಟ್ಟಿದುದು ಇಂತಹ ಅಗತ್ಯದಿಂದಲೇ. ಮೂಕಿಚಿತ್ರಗಳ ಕಾಲದಲ್ಲಿ ಬಳಸುತ್ತಿದ್ದ ಫಿಲ್ಮು ಕೆಂಪು ಬೆಳಕಿಗೆ ಕುರುಡಾಗಿತ್ತು. ಕೆಂಪು ಛಾಯೆಯ ಕೆನ್ನೆ ತುಟಿಗಳು ಅದರಲ್ಲಿ ಕಪ್ಪಗೆ ಮೂಡುತ್ತಿದ್ದುವು. ಈ ದೋಷವನ್ನು ಮುಚ್ಚಲು ನಟನಟಿಯರ ಮುಖಕ್ಕೆ ಬೇರೆ ಬಣ್ಣವನ್ನು ಪೂರ್ತಿಯಾಗಿ ಬಳಿಯಬೇಕಾಯಿತು. ಹಾಲಿವುಡ್ಡಿನ ಮ್ಯಾಕ್ಸ್ ಫ್ಯಾಕ್ಟರ್ ಎಂಬುವನು ಚಲನಚಿತ್ರಕ್ಕಾಗಿಯೇ ಲೇಪಗಳನ್ನು ತಯಾರಿಸಿದನು. 1930ರ ದಶಕದಲ್ಲಿ ವರ್ಣಚಿತ್ರಗಳು ಬಂದಾಗ ಆ ತೀಕ್ಷ್ಣ ದೀಪಗಳಿಗೆ ತಕ್ಕಂತೆ ‘ಪ್ಯಾನ್‌ಕೇಕ್’ ಎಂಬ ಲೇಪವನ್ನು ಅವನ ಸಂಸ್ಥೆ ಹೊರತಂದಿತು. ಬಹುಬೇಗ ಅದು ಅಂಗಡಿಗಳಲ್ಲಿ ಗೃಹಿಣಿಯರಿಗೂ ಮಾರಾಟಕ್ಕೆ ಬಂದಿತು. ನಮ್ಮ ದೇಶದಲ್ಲಿ 1952ರಲ್ಲಿ ಟಾಟಾ ಸಂಸ್ಥೆಯು ‘ಲ್ಯಾಕ್ಮೆ’ ಹೆಸರಿನಲ್ಲಿ ಪ್ರಸಾಧನಗಳ ತಯಾರಿಕೆಯನ್ನು ಆರಂಭಿಸಿತು. ಹೀಗೆ ಫಿಲ್ಮಿನ ಕುರುಡಿಗಾಗಿ, ದೀಪದ ಉರಿಗಾಗಿ ಕಂಡುಹಿಡಿದ ಮದ್ದು ಫಿಲ್ಮೂ ದೀಪವೂ ಇಲ್ಲದ ಅಡಿಗೆಮನೆಗೆ, ಕಾಲೇಜಿನ ತರಗತಿಗೆ, ಬಸ್ಸಿನ ಪ್ರಯಾಣಕ್ಕೆ ಬಂದಿತು. ರೋಗವಿಲ್ಲದಲ್ಲಿ ಮದ್ದು ಉಳಿದುಕೊಂಡಿತು.

ಚರ್ಮವು ಗೋಡೆಯಲ್ಲ

ಚರ್ಮದ ಮೇಲೆ ಬೆಳಕು ಬಿದ್ದಾಗ ಏನಾಗುವುದು? ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಭಾಗ ಮಾತ್ರ ಮೇಲ್ಮೈಯಿಂದ ಹಾಗೆಯೇ ಪ್ರತಿಫಲಿಸುವುದು. ಮೂಗಿನ ತುದಿಯ ಹೊಳಪು ಇದರಿಂದಲೇ. ಉಳಿದುದೆಲ್ಲ ಚರ್ಮದ ಒಳಹೊಗುವುದು. ಹೊರಪದರದಲ್ಲಿರುವ ಮೆಲನಿನ್ ಎಂಬ ಕಂದು ವಸ್ತುವು ಅದರಲ್ಲಿ ಒಂದಷ್ಟನ್ನು ಹೀರುವುದು; ಒಳಪದರದ ನಾರುಗಳು ಅದನ್ನು ಅತ್ತಿತ್ತ ಚೆದರಿಸುವುವು; ರಕ್ತವು ಹಸಿರು ನೀಲಿಗಳನ್ನು ಹೆಚ್ಚಾಗಿ ಹೀರಿ ಕೆಂಪನ್ನು ಬಿಡುವುದು. ಹೀಗೆ ಒಳಗೆ ಸುತ್ತಾಡಿ, ಬಣ್ಣ ತಳೆದು, ಮತ್ತೆ ಹೊರಬಂದ ಬೆಳಕೇ ನಾವು ಮೈಬಣ್ಣವೆಂದು ಕರೆಯುವುದು. ಕತ್ತಲೆಯಲ್ಲಿ ಟಾರ್ಚಿನ ಮೇಲೆ ಅಂಗೈಯನ್ನಿಟ್ಟು ನೋಡಿದವರು ಬೆರಳುಗಳ ಸಂದಿಯಲ್ಲಿ ಕೆಂಪು ಹೊಳೆಯುವುದನ್ನು ಕಂಡಿರಬಹುದು. ಚರ್ಮವು ಗೋಡೆಯಂತೆ ಅಪಾರದರ್ಶಕವಲ್ಲ, ಅರೆಪಾರದರ್ಶಕವಾದುದು ಎಂಬುದಕ್ಕೆ ಇದಕ್ಕಿಂತ ಸುಲಭದ ಸಾಕ್ಷ್ಯವಿಲ್ಲ.

ಮುಖಕ್ಕೆ ‘ಕಳೆ’ ಇದೆ ಎಂದು ನಾವು ಹೇಳುವಾಗ ಈ ಒಳಗಿನಿಂದ ಬರುವ ಬೆಳಕನ್ನೇ ಕುರಿತು ಹೇಳುತ್ತೇವೆ. ನಾಚಿದಾಗ ಕೆನ್ನೆಯ ರಕ್ತನಾಳಗಳು ಹಿಗ್ಗಿ ಕೆಂಪೇರುವುದು, ದಣಿದಾಗ ಮುಖ ಬಾಡುವುದು, ಸಂತೋಷದಲ್ಲಿ ಅರಳುವುದು, ಇವೆಲ್ಲ ಆ ಬೆಳಕಿನ ಏರಿಳಿತಗಳು. ದಪ್ಪ ಲೇಪವು ಬೆಳಕನ್ನು ಚರ್ಮದೊಳಕ್ಕೆ ಹೋಗಗೊಡದೆ ಮೇಲೆಯೇ ತಿರುಗಿಸಿಬಿಡುವುದು. ಆಗ ಕಾಣುವುದು ಲೇಪದ ಬಣ್ಣವೇ ಹೊರತು ಮುಖದ ಬಣ್ಣವಲ್ಲ. ಅರೆಪಾರದರ್ಶಕವಾದ ಮುಖವು ಬಳಿದ ಗೋಡೆಯಾಗುವುದು. ಮದುವೆಯ ಛಾಯಾಚಿತ್ರಗಳಲ್ಲಿ ಅನೇಕ ಮದುಮಕ್ಕಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರಂತೆ ಕಾಣಲು ಇದು ಮುಖ್ಯ ಕಾರಣ.

ಬಿಳಿಯ ಪುಡಿಗಳ ಲೆಕ್ಕ

ಎಲ್ಲ ಪುಡಿಗಳೂ ಒಂದೇ ರೀತಿಯಲ್ಲಿ ಮರೆ ಮಾಡುವುದಿಲ್ಲ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕರಿಯ ಹಲಗೆಯ ಮೇಲೆ ಅಕ್ಕಿಹಿಟ್ಟನ್ನು ತೆಳ್ಳಗೆ ಹರಡಿರಿ, ಬೆಳ್ಳಗೆ ಕಾಣುವುದು. ಅದರ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನು ಬಿಟ್ಟು ತಿಕ್ಕಿರಿ. ಬಿಳುಪು ಬಹುಮಟ್ಟಿಗೆ ಮಾಯವಾಗಿ ಹಲಗೆಯ ಕಪ್ಪು ಕಾಣಿಸಿಕೊಳ್ಳುವುದು. ಹಿಟ್ಟು ಎಲ್ಲಿಗೂ ಹೋಗಲಿಲ್ಲ. ಹಿಟ್ಟಿನ ವಕ್ರೀಭವನಾಂಕವು ಸುಮಾರು 1.53, ಎಣ್ಣೆಯದು ಸುಮಾರು 1.45, ಗಾಳಿಯದು 1. ಎರಡು ವಸ್ತುಗಳ ವಕ್ರೀಭವನಾಂಕಗಳಲ್ಲಿ ಅಂತರ ಹೆಚ್ಚಿದಷ್ಟೂ ಅವುಗಳ ಗಡಿಯಲ್ಲಿ ಬೆಳಕು ಹೆಚ್ಚಾಗಿ ಹಿಂದಿರುಗುವುದು. ಗಾಳಿಯಲ್ಲಿರುವ ಹಿಟ್ಟಿನ ಒಂದೊಂದು ಮೈಯಿಂದ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಬೆಳಕು ಹಿಂದಿರುಗಿದರೆ, ಎಣ್ಣೆಯಲ್ಲಿ ಮುಳುಗಿದ ಹಿಟ್ಟಿನಿಂದ ಹಿಂದಿರುಗುವುದು ಹತ್ತು ಸಾವಿರಕ್ಕೆ ಏಳು ಭಾಗ ಮಾತ್ರ.

ಇನ್ನು ಟೈಟಾನಿಯಂ ಡೈಆಕ್ಸೈಡನ್ನು ನೋಡೋಣ. ಕೇರಳದ ಕಡಲ ಮರಳಿನಲ್ಲಿ ದೊರೆಯುವ ಇಲ್ಮೆನೈಟಿನಂತಹ ಅದುರುಗಳಿಂದ ತಯಾರಾಗುವ ಈ ಬಿಳಿಯ ಪುಡಿಯೇ ಇಂದಿನ ಗೋಡೆಬಣ್ಣಗಳ ಜೀವಾಳ. ಫೌಂಡೇಶನ್ನಿನ ಜೀವಾಳವೂ ಅದೇ. ಅದರ ವಕ್ರೀಭವನಾಂಕವು ಸುಮಾರು 2.7, ವಜ್ರದ್ದಕ್ಕಿಂತಲೂ ಹೆಚ್ಚು. ಎಣ್ಣೆಯಲ್ಲಿ ಮುಳುಗಿದರೂ ಅದರ ಒಂದೊಂದು ಮೈಯಿಂದ ನೂರಕ್ಕೆ ಒಂಬತ್ತು ಭಾಗ ಬೆಳಕು ಹಿಂದಿರುಗುವುದು. ಅಕ್ಕಿಹಿಟ್ಟಿಗೆ ಹೋಲಿಸಿದರೆ ನೂರು ಪಟ್ಟಿಗೂ ಮಿಗಿಲು. ಅತಿ ಸೂಕ್ಷ್ಮ ಕಣಗಳಿಗೆ ಈ ಲೆಕ್ಕವು ಅಕ್ಷರಶಃ ಅನ್ವಯಿಸದಿದ್ದರೂ ಪ್ರಮಾಣದ ಅಂದಾಜಿಗೆ ಸಾಕು. ಆದುದರಿಂದಲೇ ಬೆವರಿಗೂ ಎಣ್ಣೆಗೂ ಇದರ ಬಿಳುಪು ಕರಗದು. ಕಂದು ಚರ್ಮದ ಮೇಲೆ ಇದು ಹೆಚ್ಚಾದರೆ ಬೂದಿ ಬಳಿದಂತಹ ಛಾಯೆ ಬರುವುದು. ಕ್ಯಾಮೆರಾದ ಫ್ಲ್ಯಾಷ್ ಬಿದ್ದಾಗ ಮುಖವು ಕೊರಳಿನಿಂದ ಬೇರೆಯಾಗಿ ತೇಲಿದಂತೆ ಕಾಣುವುದು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಗೆ ಇದೂ ಒಂದು ನಿದರ್ಶನ.

ಇದಕ್ಕೆ ಎದುರಾಗಿ ನಮ್ಮ ಮದುವೆಗಳ ಅರಿಷಿಣವನ್ನು ನೆನೆಯಬಹುದು. ಅರಿಷಿಣದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬುದು ಬೆಳಕನ್ನು ಚೆದರಿಸಿ ಮರೆ ಮಾಡುವ ವಸ್ತುವಲ್ಲ; ನೀಲಿ ಬೆಳಕನ್ನು ಹೀರಿ ಉಳಿದುದನ್ನು ಬಿಟ್ಟುಕೊಡುವ ವಸ್ತು. ಅದು ಚರ್ಮವನ್ನು ಮುಚ್ಚುವುದಿಲ್ಲ, ಚರ್ಮಕ್ಕೆ ಛಾಯೆ ಕೊಡುವುದು. ಬಟ್ಟೆಯ ಮೇಲಿನ ಅರಿಷಿಣದ ಕಲೆಯನ್ನು ಬಿಸಿಲಿಗೆ ಹಾಕಿದರೆ ಮಾಸುವುದೆಂದು ಎಲ್ಲ ಗೃಹಿಣಿಯರೂ ಬಲ್ಲರು. ಚರ್ಮದ ಮೇಲೆಯೂ ಅದು ಕೆಲವು ದಿನಗಳಲ್ಲಿ ಮಾಯವಾಗುವುದು. ಹಗುರವಾದ ಅಲಂಕಾರದ ತತ್ತ್ವವು ನಮ್ಮವರಿಗೆ ಹೊಸದಲ್ಲ. ಆದರೆ ಹಳೆಯದೆಲ್ಲ ನಿರಪಾಯವೆಂದೂ ನಾವು ಹೇಳಲಾರೆವು. ಹಳೆಯ ಕಾಲದಲ್ಲಿ ಬಣ್ಣಕ್ಕೆ ಬಳಕೆಯಾಗುತ್ತಿದ್ದ ಅರದಾಳವು ಪಾಷಾಣದ ಸಂಯುಕ್ತ. ಯೂರೋಪಿನ ಶ್ರೀಮಂತ ಸ್ತ್ರೀಯರು ಶತಮಾನಗಳ ಕಾಲ ಬಳಿದುಕೊಂಡ ಬಿಳಿಯು ಸೀಸದ ವಿಷ. ಇಂದಿನ ಅಂಟುಟಿಕಳಿಯ ಗೋಂದಿನಲ್ಲಿರಬಹುದಾದ ಒಂದು ರಾಸಾಯನಿಕದಿಂದ ಹಣೆಯಲ್ಲಿ ಬಿಳಿಯ ಮಚ್ಚೆಯಾದುದನ್ನು ನಮ್ಮ ದೇಶದ ಚರ್ಮವೈದ್ಯರೇ ದಾಖಲಿಸಿದ್ದಾರೆ. ಹಳೆಯದು ಹೊಸದು ಎಂಬುದಕ್ಕಿಂತ ಅದರಲ್ಲಿ ಏನಿದೆ, ಎಷ್ಟಿದೆ ಎಂಬುದೇ ಪ್ರಶ್ನೆ.

ಬಿಸಿಲು ಮತ್ತು ಬೆವರು

ದಪ್ಪ ಲೇಪದಿಂದ ಬಿಸಿಲಿಗೆ ರಕ್ಷಣೆಯಾದರೂ ದೊರೆಯದೇ ಎಂದು ಕೇಳಬಹುದು. ಫೌಂಡೇಶನ್ನಿನ ಡಬ್ಬಿಗಳ ಮೇಲೆ ‘ಎಸ್.ಪಿ.ಎಫ್. 15’ ಎಂಬಂತಹ ಸಂಖ್ಯೆಗಳಿರುವುದುಂಟು. ಇದನ್ನು ಸೂರ್ಯರಕ್ಷಣಾಂಕವೆಂದು ಕರೆಯಬಹುದು. 15 ಎಂದರೆ ಚರ್ಮವನ್ನು ಸುಡುವ ಅತಿನೇರಿಳೆ ಕಿರಣಗಳಲ್ಲಿ ಹದಿನೈದರಲ್ಲೊಂದು ಪಾಲು ಮಾತ್ರ ಒಳಹೋಗುವುದೆಂದು ಅರ್ಥ. ಆದರೆ ಈ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ನಿರ್ಧರಿಸುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪ ಹಚ್ಚಿ. ದಪ್ಪವಾಗಿ ಕಾಣುವ ಫೌಂಡೇಶನ್ ಸಹ ನಿಜವಾಗಿ ಇಷ್ಟು ಇರುವುದಿಲ್ಲ. ಅದು ಕಣ್ಣನ್ನು ಮರೆಸುವಷ್ಟಿದ್ದರೂ ಕಿರಣವನ್ನು ತಡೆಯುವಷ್ಟಿರದು. ಲೇಪವು ತೆಳುವಾದಂತೆ ರಕ್ಷಣೆಯು ನೇರ ಪ್ರಮಾಣದಲ್ಲಲ್ಲ, ಅದಕ್ಕಿಂತ ಬಹು ವೇಗವಾಗಿ ಇಳಿಯುವುದು. ಕಿರಣಶೋಷಣೆಯ ಸಾಮಾನ್ಯ ನಿಯಮದ ಪ್ರಕಾರ ಅರ್ಧ ದಪ್ಪ ಹಚ್ಚಿದರೆ 15ರ ವರ್ಗಮೂಲ, ಎಂದರೆ ಸುಮಾರು 4 ಉಳಿಯುವುದು. ಕಾಲು ದಪ್ಪಕ್ಕೆ ಸುಮಾರು 2 ಮಾತ್ರ. ಡಬ್ಬಿಯ ಸಂಖ್ಯೆಯನ್ನು ನಂಬಿ ಮೇ ತಿಂಗಳ ನಡುಹಗಲಿಗೆ ಮುಖವೊಡ್ಡುವುದು ತೂತುಬಿದ್ದ ಕೊಡೆಯನ್ನು ನಂಬಿದಂತೆ.

ಇನ್ನೊಂದು ಸಂಗತಿಯು ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಿಂತಲೂ ಮುಖ್ಯವಾದುದು. ಕೆನ್ನೆ ಹಣೆಗಳ ಮೇಲೆ ಮೂಡುವ ಬಂಗಿನ ಕಲೆಯು ಬಸಿರಿನ ಕಾಲದಲ್ಲಿಯೂ ಬಿಸಿಲಿನ ದುಡಿಮೆಯಲ್ಲಿಯೂ ಹೆಚ್ಚುವುದು. ಇದನ್ನು ಮುಚ್ಚುವುದಕ್ಕಾಗಿಯೇ ಅನೇಕರು ದಪ್ಪ ಲೇಪವನ್ನು ಹುಡುಕುತ್ತಾರೆ. ಈ ಕಲೆಯನ್ನು ಗಾಢಗೊಳಿಸುವುದು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕಿನ ನೇರಿಳೆ ನೀಲಿ ಭಾಗವೂ ಹೌದು ಎಂದು ಈಚಿನ ಸಂಶೋಧನೆಗಳಿಂದ ತಿಳಿದಿದೆ. ಬಣ್ಣವಿಲ್ಲದ ಬಿಸಿಲುಲೇಪಗಳು ಕಾಣುವ ಬೆಳಕನ್ನು ಹೆಚ್ಚಾಗಿ ತಡೆಯಲಾರವು. ತಡೆದರೆ ಅವು ಬಣ್ಣವಿಲ್ಲದವಾಗಿರುತ್ತಿರಲಿಲ್ಲ. ಕೆಮ್ಮಣ್ಣಿಗೂ ಕಾವಿಗೂ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡುಗಳನ್ನು ಸ್ವಲ್ಪ ಬೆರೆಸಿದ ಬಿಸಿಲುಲೇಪಗಳು ನೀಲಿ ಬೆಳಕನ್ನೂ ಹೀರುತ್ತವೆ. ಒಂದೇ ತೆಳುಪದರವು ಕಲೆಯನ್ನು ಒಂದಿಷ್ಟು ಮಸುಕಾಗಿಸುವುದಲ್ಲದೆ, ಕಲೆ ಹೆಚ್ಚದಂತೆಯೂ ಕಾಯುವುದು. ಮುಚ್ಚುವುದಕ್ಕಿಂತ ಕಾಯುವುದು ಮೇಲಲ್ಲವೇ?

ಬೆವರಿನ ಲೆಕ್ಕವೂ ಸರಳವಾದುದೇ. ಒಂದು ಗ್ರಾಂ ಬೆವರು ಚರ್ಮದ ಮೇಲೆಯೇ ಆವಿಯಾದರೆ ಸುಮಾರು 580 ಕ್ಯಾಲೊರಿ ಶಾಖವನ್ನು ದೇಹದಿಂದ ಒಯ್ಯುವುದು. ಅದೇ ಬೆವರು ಹನಿಯಾಗಿ ಕೆಳಗುರುಳಿದರೆ ಈ ಲಾಭವಿಲ್ಲ. ಎಣ್ಣೆಯಂಶದ ದಪ್ಪ ಪದರವು ನೀರನ್ನು ಹರಡಗೊಡದೆ ಹನಿಗೂಡಿಸುವುದು. ಹನಿಯು ಹರಿದಲ್ಲೆಲ್ಲ ಲೇಪದಲ್ಲಿ ಗೆರೆ ಬೀಳುವುದು. ಗೆರೆಯನ್ನು ಮುಚ್ಚಲು ಮತ್ತಷ್ಟು ಪುಡಿ, ಅದರ ಮೇಲೆ ಮತ್ತಷ್ಟು ಬೆವರು. ಹಂದರದಲ್ಲಿ ಮದುಮಗಳ ಪಕ್ಕದಲ್ಲಿ ಕೈವಸ್ತ್ರ ಹಿಡಿದು ನಿಂತ ಗೆಳತಿಯ ಕೆಲಸವೆಲ್ಲ ಇದೇ ಆಗಿರುವುದು. ಒತ್ತಿ ಒತ್ತಿ ತುಂಬಿದ ಲೇಪವನ್ನು ರಾತ್ರಿ ಸರಿಯಾಗಿ ತೊಳೆಯದೆ ಮಲಗಿದರೆ ರಂಧ್ರಗಳು ಕಟ್ಟಿ ಮೊಡವೆಗಳೇಳುವುದೂ ಉಂಟು. ಆಗ ಮೊಡವೆಯನ್ನು ಮುಚ್ಚಲು ಮತ್ತೆ ಲೇಪ ಬೇಕಾಗುವುದು.

ಹಾಗಾದರೆ ಬದಲಿ ಏನು?

ಮೊದಲನೆಯ ಬದಲಿ ಏನೂ ಇಲ್ಲದಿರುವುದು. ತೊಳೆದ ಮುಖ, ಒಣಚರ್ಮವಾದರೆ ತುಸು ತೇವಲೇಪ, ಬಿಸಿಲಿಗೆ ಹೋಗುವುದಾದರೆ ಬಿಸಿಲುಲೇಪ ಮತ್ತು ತಲೆಯ ಮೇಲೆ ಸೆರಗು. ಇದು ಬಡತನದ ಗುರುತಲ್ಲ. ಚರ್ಮವೈದ್ಯರು ಹೇಳುವ ನಿತ್ಯವಿಧಿಯೂ ಬಹುಮಟ್ಟಿಗೆ ಇಷ್ಟೇ.

ಎರಡನೆಯದು, ಆಗಲೇ ಹೇಳಿದ ಛಾಯೆಯುಳ್ಳ ಬಿಸಿಲುಲೇಪ. ಇದನ್ನು ಮುಖಕ್ಕೂ ಕೊರಳಿಗೂ ಸೇರಿ ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಹಚ್ಚಬೇಕು; ಬೆವರಿದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ‘ಬಿ.ಬಿ. ಕ್ರೀಂ’ ಎಂದು ಮಾರಾಟವಾಗುವ ಲೇಪಗಳೂ ಈ ಜಾತಿಗೆ ಸಮೀಪವಾದುವು. ಇವುಗಳ ಮೂಲವು 1960ರ ದಶಕದ ಜರ್ಮನಿಯಲ್ಲಿ ಚರ್ಮಚಿಕಿತ್ಸೆಗೊಳಗಾದವರ ಕೆಂಪೇರಿದ ಮುಖವನ್ನು ಕಾಯಲೆಂದು ತಯಾರಾದ ಮುಲಾಮು.

ಮೂರನೆಯದು, ಕಲೆಯಿದ್ದಲ್ಲಿ ಮಾತ್ರ ಲೇಪ. ಇದರ ಗಣಿತವನ್ನು ಯಾರೂ ಮಾಡುವುದಿಲ್ಲ. ಕಣ್ಣಿನ ಕೆಳಗಿನ ಕಪ್ಪು, ಒಂದೆರಡು ಮೊಡವೆಯ ಗುರುತು, ಇವೆಲ್ಲ ಸೇರಿ ಮುಖದ ಇಪ್ಪತ್ತರಲ್ಲೊಂದು ಭಾಗವಿದ್ದರೆ, ಉಳಿದ ಹತ್ತೊಂಬತ್ತು ಭಾಗವನ್ನೇಕೆ ಮುಚ್ಚಬೇಕು? ಬೆರಳ ತುದಿಯಿಂದ ಆಯಾ ಸ್ಥಳದಲ್ಲಿ ಸ್ವಲ್ಪವೇ ಒತ್ತಿ, ಅಂಚನ್ನು ಹರಡಿದರೆ ಸಾಕು. ಕೊಂಡ ಫೌಂಡೇಶನ್ ಮನೆಯಲ್ಲಿ ಉಳಿದಿದ್ದರೆ ಕಡಲೆಕಾಳಿನಷ್ಟನ್ನು ತೇವಲೇಪದಲ್ಲಿ ಬೆರೆಸಿ ತೆಳ್ಳಗೆ ಮಾಡಿಕೊಳ್ಳಬಹುದು. ಬಿಸಿಲುಲೇಪದಲ್ಲಿ ಮಾತ್ರ ಬೆರೆಸಬಾರದು; ಅದರ ಪದರ ಕೆಡುವುದು. ಮೊದಲು ಬಿಸಿಲುಲೇಪವನ್ನು ಹಚ್ಚಿ, ಅದು ಆರಿದ ಮೇಲೆ ಇದನ್ನು ಹಚ್ಚಬೇಕು.

ನಾಲ್ಕನೆಯದು ಪುಡಿ. ನಮ್ಮ ಹಳ್ಳಿಗಳಲ್ಲಿ ‘ಪೌಡರ್’ ಎಂದರೆ ಟಾಲ್ಕಮ್ ಪುಡಿಯೇ. ಇದು ಹಗುರವೇನೋ ಹೌದು. ಆದರೆ ಹಗುರವಾದುದೆಲ್ಲ ನಿರಪಾಯವಲ್ಲವೆಂದು ಇಲ್ಲಿ ಹೇಳಲೇಬೇಕು. ಟಾಲ್ಕ್ ಎಂಬುದು ಗಣಿಯಿಂದ ತೆಗೆದ ಕಲ್ಲಿನ ಪುಡಿ. ಅದರ ಧೂಳು ಶ್ವಾಸಕೋಶಕ್ಕೆ ಹಿತವಲ್ಲ. ಕೆಲವು ಗಣಿಗಳಲ್ಲಿ ಅದರೊಡನೆ ಕಲ್ನಾರು ಬೆರೆತಿರುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2024ರಲ್ಲಿ ಟಾಲ್ಕನ್ನು ಮನುಷ್ಯರಿಗೆ ಕ್ಯಾನ್ಸರ್ ಉಂಟುಮಾಡುವ ಸಂಭವವುಳ್ಳ ವಸ್ತುಗಳ ಗುಂಪಿಗೆ ಸೇರಿಸಿತು. ಗಾಳಿಯಲ್ಲಿ ಮೋಡವೇಳುವಂತೆ ಪುಡಿ ಎರಚುವುದನ್ನೂ, ಹಸುಗೂಸುಗಳ ಮೇಲೆ ಉದುರಿಸುವುದನ್ನೂ ಬಿಡುವುದು ಒಳ್ಳೆಯದು.

ಯಾವುದನ್ನು ಕೊಂಡರೂ ಬಣ್ಣವನ್ನು ಹಗಲಿನ ಬೆಳಕಿನಲ್ಲಿಯೇ ನೋಡಿ ಕೊಳ್ಳಬೇಕು. ಹುಬ್ಬಳ್ಳಿಯ ಅಂಗಡಿಯಲ್ಲಿ ಇಳಕಲ್ ಸೀರೆ ಕೊಳ್ಳುವ ಹೆಂಗಸು ಅದನ್ನು ದೀಪದ ಕೆಳಗೆ ನೋಡಿ ತೃಪ್ತಳಾಗುವುದಿಲ್ಲ. ಬಾಗಿಲ ಬಳಿಗೆ ಒಯ್ದು ಬಿಸಿಲಿನಲ್ಲಿ ನೋಡುವಳು. ಅದು ಒಳ್ಳೆಯ ಭೌತಶಾಸ್ತ್ರ. ಒಂದು ದೀಪದಲ್ಲಿ ಒಂದೇ ಆಗಿ ಕಾಣುವ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರೆಬೇರೆಯಾಗಿ ಕಾಣಬಹುದು. ಸೀರೆಗೆ ತೋರಿಸುವ ಈ ಜಾಣತನವನ್ನು ಮುಖಕ್ಕೂ ತೋರಿಸಬೇಕು. ದವಡೆಯ ಅಂಚಿನಲ್ಲಿ ಒಂದು ಗೆರೆ ಎಳೆದು ಹೊರಗೆ ಬಂದು ಕನ್ನಡಿ ನೋಡಿದಾಗ ಗೆರೆಯು ಕಾಣದೆ ಹೋದರೆ ಅದೇ ನಿಮ್ಮ ಛಾಯೆ.

ಹಗುರವೆಂದರೆ ಬಿಳುಪಲ್ಲ

ಇಲ್ಲಿಯವರೆಗೆ ಹೇಳಿದುದನ್ನು ಯಾರಾದರೂ ತಪ್ಪಾಗಿ ತಿಳಿಯಬಾರದು. ಇಂಗ್ಲಿಷಿನಲ್ಲಿ ‘ಲೈಟ್’ ಎಂಬ ಒಂದೇ ಪದವು ಹಗುರಕ್ಕೂ ಬಿಳುಪಿಗೂ ಸಲ್ಲುವುದು. ಕನ್ನಡದಲ್ಲಿ ಈ ಗೊಂದಲವಿಲ್ಲ. ನಾವು ಹಗುರವೆಂದುದು ತೆಳುವಾದುದಕ್ಕೆ, ಬಿಳಿಯದಕ್ಕಲ್ಲ. ಆದರೆ ನಮ್ಮ ಸಮಾಜದಲ್ಲಿ ದಪ್ಪ ಲೇಪದ ಹಿಂದಿರುವ ನಿಜವಾದ ಪ್ರೇರಣೆಯು ಬಿಳುಪಿನ ಆಸೆಯೇ ಆಗಿದೆ. ಕನ್ಯೆಯನ್ನು ನೋಡಲು ಬಂದವರು ಮೊದಲು ಕೇಳುವ ಮಾತು ಬಣ್ಣದ್ದು. ಆದುದರಿಂದಲೇ ಹುಡುಗಿಯ ಛಾಯೆಗಿಂತ ಎರಡು ಮೆಟ್ಟಿಲು ಬಿಳಿಯದಾದ ಲೇಪವನ್ನು ಆರಿಸುವರು. ಲೇಪವಾದರೂ ರಾತ್ರಿ ತೊಳೆದರೆ ಹೋಗುವುದು. ಅದಕ್ಕಿಂತ ಭಯಂಕರವಾದುವು ‘ಬೆಳ್ಳಗೆ ಮಾಡುವ’ ಮುಲಾಮುಗಳು. ಹೆಸರಿಲ್ಲದ ಡಬ್ಬಿಗಳಲ್ಲಿ ಬರುವ ಕೆಲವಲ್ಲಿ ಪಾದರಸವಿರುವುದು. ಅದು ಮೂತ್ರಪಿಂಡಗಳನ್ನೂ ನರಗಳನ್ನೂ ಕೆಡಿಸುವುದು. ಪಾದರಸವನ್ನು ಸೇರಿಸಿದ ಪ್ರಸಾಧನಗಳನ್ನು ನಮ್ಮ 2020ರ ಪ್ರಸಾಧನ ನಿಯಮಗಳು ನಿಷೇಧಿಸಿವೆ. ಇನ್ನು ಕೆಲವಲ್ಲಿ ಸ್ಟೀರಾಯ್ಡುಗಳಿರುವುವು. ವೈದ್ಯರು ಕೆಲವೇ ದಿನಗಳಿಗೆಂದು ಬರೆದುಕೊಡುವ ಇವುಗಳನ್ನು ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮವು ತೆಳುವಾಗಿ, ಕೆಂಪು ನಾಳಗಳು ಎದ್ದು, ರೋಮ ಬೆಳೆದು, ಬಿಸಿಲು ತಾಕಿದೊಡನೆ ಉರಿಯತೊಡಗುವುದು. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹದಿನಾಲ್ಕು ಸ್ಟೀರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಪಟ್ಟಿಯು ಕಾಗದದ ಮೇಲಿದ್ದರೆ ಸಾಲದು. ಗೆಳತಿ ಹೇಳಿದಳೆಂದು ಮುಲಾಮು ಕೊಳ್ಳುವ ರೂಢಿ ತಪ್ಪಬೇಕು. ಬಹುಕಾಲದಿಂದ ಹಚ್ಚುತ್ತಿರುವವರು ಒಮ್ಮೆಗೇ ಬಿಟ್ಟರೂ ಮುಖ ಕೆರಳುವ ಸಂಭವವುಂಟು. ಅಂತಹವರು ಚರ್ಮವೈದ್ಯರನ್ನು ಕಂಡೇ ಬಿಡಬೇಕು.

ಕರಿಯರಿಗೂ ಬಿಳಿಯರಿಗೂ ಚರ್ಮದಲ್ಲಿ ಮೆಲನಿನ್ ತಯಾರಿಸುವ ಜೀವಕೋಶಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಅವು ತಯಾರಿಸುವ ಕಣಗಳ ಗಾತ್ರ, ಪ್ರಮಾಣ, ಹಂಚಿಕೆಗಳಲ್ಲಿ. ನೆತ್ತಿಯ ಸೂರ್ಯನ ಕೆಳಗೆ ಬಾಳುವ ಜನಕ್ಕೆ ಪ್ರಕೃತಿಯು ಕೊಟ್ಟ ಕೊಡೆ ಅದು. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ಕ್ರೀಮು 2020ರಲ್ಲಿ ತನ್ನ ಹೆಸರಿನೊಳಗಿನ ‘ಫೇರ್’ ಪದವನ್ನು ಕೈಬಿಟ್ಟು ‘ಗ್ಲೋ’ ಎಂದು ಬದಲಿಸಿಕೊಂಡಿತು. ಹೆಸರು ಬದಲಾದಷ್ಟು ಸುಲಭವಾಗಿ ಮನಸ್ಸು ಬದಲಾಗದು. ಆದರೆ ನವಲಗುಂದದ ರೈತನಿಗೆ ಈ ಪಾಠವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅವನು ತನ್ನ ಎರೆಹೊಲದ ಕಪ್ಪನ್ನು ಕಂಡು ಹಿಗ್ಗುವನು. ಮಲಪ್ರಭೆಯ ಕಾಲುವೆಯ ನೀರು ಮಿತಿಮೀರಿ ನಿಂತು ಹೊಲದ ಮೇಲೆ ಬಿಳುಪು ಕಾಣಿಸಿದರೆ ಎದೆಯೊಡೆದುಕೊಳ್ಳುವನು. ಅದು ನೆಲಕ್ಕೆ ಸವಳು ಹತ್ತಿದ ಗುರುತು. ನೆಲದ ವಿಷಯದಲ್ಲಿರುವ ಈ ವಿವೇಕವು ಮಗಳ ಮುಖದ ವಿಷಯದಲ್ಲಿಯೂ ಇರಬಾರದೇ?

ನಮ್ಮ ಮಾತಿಗೆ ಎರಡು ಆಕ್ಷೇಪಣೆಗಳು ಬರಬಹುದು. ಅಲಂಕಾರವು ಹೆಣ್ಣುಮಕ್ಕಳ ಇಚ್ಛೆ. ಅದರಲ್ಲಿ ಇತರರು ತಲೆಹಾಕಬಾರದೆಂಬುದು ಮೊದಲನೆಯದು. ಒಪ್ಪತಕ್ಕ ಮಾತೇ. ಬೇಕ�ೆಂದು ಹಚ್ಚಿಕೊಳ್ಳುವವಳಿಗೆ ನಮ್ಮ ಆಕ್ಷೇಪಣೆ ಏನೂ ಇಲ್ಲ. ಬೇರೆಯವರ ಕಣ್ಣಿಗೆ ಹೆದರಿ ಹಚ್ಚಿಕೊಳ್ಳುವವಳಿಗೆ ಬೇಡವೆನ್ನುವ ಧೈರ್ಯಕ್ಕೆ ಬೇಕಾದ ತಿಳಿವಳಿಕೆಯನ್ನು ಕೊಡುವುದಷ್ಟೇ ನಮ್ಮ ಉದ್ದೇಶ. ಎರಡನೆಯದು, ತೊನ್ನು, ಸುಟ್ಟ ಗಾಯ ಮೊದಲಾದ ಗುರುತುಳ್ಳವರ ಪಾಡೇನು ಎಂಬುದು. ಅವರಿಗೆ ದಪ್ಪ ಲೇಪವು ಜನರ ದೃಷ್ಟಿಯಿಂದ ಕೆಲವು ಗಂಟೆಗಳ ಬಿಡುಗಡೆಯನ್ನು ಕೊಡುವುದಾದರೆ ಅದು ನ್ಯಾಯವಾದ ಬಳಕೆ. ರಂಗದ ಮೇಲಿನ ಕಲಾವಿದನಿಗೂ ಹಾಗೆಯೇ. ಅಪರೂಪದ ಅಗತ್ಯಕ್ಕೆ ಇರುವುದನ್ನು ಎಲ್ಲರ ನಿತ್ಯದ ನಿಯಮವನ್ನಾಗಿ ಮಾಡುವುದನ್ನು ಮಾತ್ರ ನಾವು ವಿರೋಧಿಸುತ್ತೇವೆ.

ಕೊನೆಯದಾಗಿ ಒಂದು ವಿನಂತಿ. ಮದುವೆ ನಿಶ್ಚಯವಾದ ಮನೆಗಳಲ್ಲಿ ಅಲಂಕಾರ ಮಾಡುವವರನ್ನು ಗೊತ್ತುಮಾಡುವಾಗ ‘ತೆಳ್ಳಗೆ ಹಚ್ಚಿರಿ, ಅವಳ ಬಣ್ಣಕ್ಕೇ ಹಚ್ಚಿರಿ, ಮೊದಲು ಬಿಸಿಲುಲೇಪ ಹಚ್ಚಿರಿ’ ಎಂಬ ಮೂರು ಮಾತುಗಳನ್ನು ತಾಯಂದಿರು ಹೇಳಲಿ. ಕನ್ಯೆ ನೋಡಲು ಹೋಗುವ ಗಂಡಿನ ಕಡೆಯವರು ಬಣ್ಣದ ಮಾತನ್ನೇ ಎತ್ತದಿರಲಿ. ಶಾಲೆ ಕಾಲೇಜುಗಳಲ್ಲಿ ಬೆಳಕಿನ ಪಾಠ ಹೇಳುವ ನಮ್ಮಂತಹವರು ಮಸೂರ ಪಟ್ಟಕಗಳ ಜೊತೆಗೆ ಎಣ್ಣೆಯಲ್ಲಿ ಮಾಯವಾಗುವ ಅಕ್ಕಿಹಿಟ್ಟನ್ನೂ, ಕೈಯೊಳಗಿಂದ ಹೊಳೆಯುವ ಟಾರ್ಚಿನ ಕೆಂಪನ್ನೂ ಮಕ್ಕಳಿಗೆ ತೋರಿಸಲಿ. ತನ್ನ ಚರ್ಮದೊಳಗಿಂದ ಬೆಳಕು ಹಾದು ಬರುವುದನ್ನು ಒಮ್ಮೆ ಕಣ್ಣಾರೆ ಕಂಡ ಹುಡುಗಿಯು ಅದನ್ನು ಮುಚ್ಚುವ ಮೊದಲು ಒಂದು ಗಳಿಗೆಯಾದರೂ ಯೋಚಿಸುವಳು.